ಸತ್ತ ಇಂಗ್ಲಿಷ್ ಪದವೂ ಬೀರಪ್ಪನ ಕುರಿಮಂದೆಯೂ

ಮನುಷ್ಯ ಅಂದಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಕಂಡವರ ಮಕ್ಕಳಿಗೆ ಹೆಣ್ಣು ಗಂಡು ಹುಡುಕುವುದು. ನನ್ನ ಚಟ ಸ್ವಲ್ಪ ವಿಚಿತ್ರದ್ದು. ಹೇಳಿಕೊಂಡರೆ ನೀವು ನಗುತ್ತೀರಿ, ಹೇಳಿಕೊಳ್ಳದಿದ್ದರೆ ಮುಂದಿನ ಕಥೆ ನಿಮಗೆ ಅರ್ಥವಾಗುವುದಿಲ್ಲ. ಯಾರೂ ಬಳಸದ ಇಂಗ್ಲಿಷ್ ಪದಗಳನ್ನು ಹುಡುಕಿ ನೋಟ್‌ಬುಕ್ಕಿನಲ್ಲಿ ಕೂಡಿಹಾಕುವುದು ನನ್ನ ಚಟ. ಎಲ್ಲರೂ ಬಳಸುವ ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಬ್ಯಾಂಕಿನಲ್ಲಿ ಕೂತ ಹುಡುಗಿ ಪಟಪಟನೆ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಇವತ್ತಿಗೂ ನನ್ನ ನಾಲಿಗೆ ಒಣಗುತ್ತದೆ. ಆದರೆ ಊಟ ಮಾಡುವವರ ಮುಂದೆ ಬಂದು ನಿಂತು, 'ಒಂದು ತುತ್ತು ನನಗೂ ಹಾಕಬಾರದೆ' ಎಂದು ಮಾತಿಲ್ಲದೆ ಮಿಕಮಿಕ ನೋಡುವುದಕ್ಕೆ ಹಳೆಯ ಕಾಲದ ಸ್ಕಾಟ್ಲೆಂಡಿನವರು ಏನೆನ್ನುತ್ತಿದ್ದರು ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತೇನೆ. ಗ್ರೋಕ್. ಎದುರುಮನೆಯವರ ನಾಯಿ ದಿನಾ ಮಧ್ಯಾಹ್ನ ನಮ್ಮ ಗೇಟಿನ ಕಂಬಿಗಳ ನಡುವೆ ಮೂತಿ ತೂರಿಸಿ ಮಾಡುವುದು ಅದನ್ನೇ. ಇಷ್ಟು ಚೆಂದದ ಪದವನ್ನು ಒಂದು ದೇಶ ಹೇಗೆ ಕಳೆದುಕೊಂಡಿತು ಎಂದು ನಾನು ಎಷ್ಟೋ ಸಲ ಅನ್ನದ ತಟ್ಟೆಯ ಮುಂದೆ ಯೋಚಿಸುತ್ತ ಕೂತಿದ್ದೇನೆ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಗಿರಿಜೆ ಆ ನಾಯಿಗೆ ಮುದ್ದೆ ಹಾಕಿ ಬಂದಿರುತ್ತಾಳೆ.

ಈ ಚಟ ಹತ್ತಿದ್ದು ಹೊಸದುರ್ಗದಲ್ಲಿ. ಅಲ್ಲಿನ ಒಂದು ಸರ್ಕಾರಿ ಆಫೀಸಿನಲ್ಲಿ ನಾನು ಗುಮಾಸ್ತನಾಗಿ ಸೇರಿದ ಹೊಸತು. ಕನ್ನಡ ಶಾಲೆಯಲ್ಲಿ ಓದಿದ ಹುಡುಗ. ಹಳೆಯ ಫೈಲುಗಳೆಂದರೆ ಭಯಭಕ್ತಿ. ಅವುಗಳಲ್ಲಿ ಎಲ್ಲಿ ನೋಡಿದರೂ 'ತಮ್ಮ ಅಲ್ಟಿಮೊ ಹನ್ನೆರಡನೇ ತಾರೀಖಿನ ಪತ್ರ' ಎಂಬಂಥ ಒಕ್ಕಣೆ. ಯಾರಪ್ಪ ಈ ಅಲ್ಟಿಮೊ? ಯಾವುದೋ ಕಾಲದ ದೊರೆಯ ಹೆಸರಿರಬೇಕು ಎಂದುಕೊಂಡೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತರನ್ನು ಕೇಳಿದರೆ ಅವರು ಕನ್ನಡಕದ ಮೇಲಿಂದ ನೋಡಿ, "ನಾನು ಇಪ್ಪತ್ತು ವರ್ಷದಿಂದ ಬರೀತಾ ಇದೀನಿ, ಯಾರೂ ಕೇಳಿಲ್ಲ. ನೀನೂ ಬರಿ, ನಿನ್ನನ್ನೂ ಯಾರೂ ಕೇಳಲ್ಲ" ಅಂದರು. ಅದು ಬರೀ 'ಹೋದ ತಿಂಗಳ' ಎಂದು ತಿಳಿದ ದಿನ ನನಗೆ ಆದ ಖುಷಿ, ಕೆಲಸ ಖಾಯಂ ಆದ ದಿನವೂ ಆಗಲಿಲ್ಲ. ಈ ತಿಂಗಳಿಗೊಂದು, ಹೋದ ತಿಂಗಳಿಗೊಂದು, ಬರುವ ತಿಂಗಳಿಗೊಂದು ಲ್ಯಾಟಿನ್ ಪದ ಇಟ್ಟುಕೊಂಡು ಒಂದು ಸಾಮ್ರಾಜ್ಯವೇ ಕಾಗದ ಬರೆಯುತ್ತಿತ್ತಂತೆ. ಸಾಮ್ರಾಜ್ಯ ಹೋಯಿತು, ಪದಗಳು ಹೊಸದುರ್ಗದ ಬೀರುವಿನಲ್ಲಿ ಉಳಿದುಕೊಂಡವು. ಅವತ್ತಿನಿಂದ ನಾನು ಕೆಟ್ಟೆ.

ಆಮೇಲೆ ಚಿತ್ರದುರ್ಗಕ್ಕೆ ವರ್ಗವಾಗಿ ಬಂದಾಗ ಗುಜರಿ ಅಂಗಡಿಯೊಂದರಲ್ಲಿ ಒಂದು ದಪ್ಪ ನಿಘಂಟು ಸಿಕ್ಕಿತು. ರಟ್ಟು ಇಲ್ಲ, ಮೊದಲ ಹಾಳೆಗಳಿಲ್ಲ. ಯಾರು ಬರೆದದ್ದೋ, ಎಲ್ಲಿ ಅಚ್ಚಾದದ್ದೋ ದೇವರಿಗೇ ಗೊತ್ತು. 'ಎ' ಅಕ್ಷರದ ಅರ್ಧ ಭಾಗವನ್ನು ಯಾರೋ ಕಡಲೆಬೀಜ ಕಟ್ಟಲು ಹರಿದುಕೊಂಡಿದ್ದಾರೆ. ಹಾಗಾಗಿ ಆ ಅಕ್ಷರದಲ್ಲಿ ನಾನು ಇಂದಿಗೂ ದುರ್ಬಲ. ಆ ನಿಘಂಟಿನಲ್ಲಿ ಬಳಕೆ ತಪ್ಪಿದ ಪದಗಳ ಮುಂದೆ ಒಂದು ಪುಟ್ಟ ಕಠಾರಿಯ ಗುರುತು ಹಾಕಿದ್ದಾರೆ. ಚುಚ್ಚಿ ಕೊಂದ ಹಾಗೆ. ಕಠಾರಿ ಕಂಡಲ್ಲೆಲ್ಲ ನನ್ನ ಕಣ್ಣು ನಿಲ್ಲುತ್ತದೆ. ನಿವೃತ್ತನಾದ ಮೇಲಂತೂ ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ನನ್ನ ಕೆಲಸವೇ ಇದು. ಆಫೀಸಿನ ಸ್ನೇಹಿತರು ಬೀಳ್ಕೊಡುವಾಗ ಎಲ್ಲರ ಹಾಗೆ ಶಾಲು ಹೊದಿಸಿ, ಜೊತೆಗೆ ನನ್ನ ಚಟ ಬಲ್ಲವರಾದ್ದರಿಂದ ಒಂದು ದುಂಡು ರಬ್ಬರ್ ಮೊಹರು ಮಾಡಿಸಿಕೊಟ್ಟರು. ನನ್ನ ಹೆಸರು, ಸುತ್ತಲೂ 'ಸ್ವಂತ ಪುಸ್ತಕ ಸಂಗ್ರಹ' ಎಂದು ಇಂಗ್ಲಿಷಿನಲ್ಲಿ. ಸಂಗ್ರಹದಲ್ಲಿ ಇರುವುದು ಒಂದು ನಿಘಂಟು, ಏಳು ನೋಟ್‌ಬುಕ್ಕು. ಆದರೂ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಗೂ ಆ ಮೊಹರು ಒತ್ತಿ ಇಟ್ಟಿದ್ದೇನೆ. ಈ ಮೊಹರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪದಗಳೂ ಮನುಷ್ಯರ ಹಾಗೇ. ಚಿಕ್ಕಂದಿನಲ್ಲಿ ಒಂದು ರೀತಿ ಇದ್ದವು ದೊಡ್ಡವಾಗುತ್ತ ಇನ್ನೊಂದು ರೀತಿ ಆಗುತ್ತವೆ. ಸಿಲ್ಲಿ ಎಂಬ ಪದ ನೋಡಿ. ಒಂದು ಕಾಲದಲ್ಲಿ ಅದಕ್ಕೆ ದೇವರ ಕೃಪೆ ಪಡೆದವನು ಎಂಬ ಅರ್ಥವಿತ್ತು. ಆಮೇಲೆ ಮುಗ್ಧ ಎಂದಾಯಿತು, ಆಮೇಲೆ ಪಾಪದವನು ಎಂದಾಯಿತು, ಕೊನೆಗೆ ದಡ್ಡ ಎನ್ನುವಲ್ಲಿಗೆ ಬಂದು ನಿಂತಿತು. ಇದನ್ನು ಗಿರಿಜೆಗೆ ಉತ್ಸಾಹದಿಂದ ವಿವರಿಸಿದಾಗ ಅವಳು ಅವರೆಕಾಯಿ ಸುಲಿಯುತ್ತ, "ನಮ್ಮಪ್ಪ ನಿಮ್ಮನ್ನ ನೋಡಕ್ಕೆ ಬಂದಾಗ ಮೊದಲ್ನೇ ಅರ್ಥದಾಗೆ ಇದ್ರಿ ಬಿಡ್ರಿ" ಅಂದಳು. ಎಗ್ರೀಜಿಯಸ್ ಎಂಬ ಇನ್ನೊಂದು ಪದವಿದೆ. ಅದರ ಮೂಲ ಲ್ಯಾಟಿನ್ನಿನಲ್ಲಿ ಹಿಂಡಿನಿಂದ ಹೊರಗೆ ನಿಂತದ್ದು ಎಂದು. ಮೊದಮೊದಲು ಅದು ಹೊಗಳಿಕೆ: ಹಿಂಡಿನಲ್ಲಿ ಎದ್ದು ಕಾಣುವ ಶ್ರೇಷ್ಠ. ಈಗ ಬೈಗುಳ: ಎದ್ದು ಕಾಣುವಷ್ಟು ಕೆಟ್ಟದ್ದು. ಹಿಂಡು ಅಂದಕೂಡಲೇ ನನಗೆ ಕುರಿ ನೆನಪಾಗುತ್ತದೆ. ನಮ್ಮ ಸೀಮೆಯವರಿಗೆ ನೆನಪಾಗದೆ ಇರುವುದು ಹೇಗೆ? ನನ್ನ ಮರ್ಯಾದೆ ಹೋದದ್ದೂ ಕುರಿಯಿಂದಲೇ.

ಗಿರಿಜೆಯ ತವರು ಹಿರೇಗುಂಟನೂರು. ಅವಳಪ್ಪ ಅವಳ ಹೆಸರಿಗೆ ಬರೆದ ಮೂರು ಎಕರೆ ಹೊಲ ಅಲ್ಲಿದೆ. ಈರುಳ್ಳಿ ಹಾಕುತ್ತಾಳೆ, ಒಮ್ಮೊಮ್ಮೆ ಮೆಕ್ಕೆಜೋಳ. ವಾರಕ್ಕೆ ಎರಡು ಸಲ ಚಿತ್ರದುರ್ಗದಿಂದ ಹೋಗಿ ಬರುತ್ತಾಳೆ. ಹೊಲ, ಬೀಜ, ಆಳು ಎಲ್ಲ ಅವಳದೇ. ನನ್ನ ಪಾಲಿಗೆ ಸ್ಕೂಟರ್ ಓಡಿಸುವುದು. ಎರಡು ವರ್ಷದಿಂದ ಅವಳಿಗೆ ಒಂದೇ ಹಂಬಲ: ಬೇಸಿಗೆಯಲ್ಲಿ ಹೊಲಕ್ಕೆ ಕುರಿಮಂದೆ ತರುಬಿಸಬೇಕು ಎಂದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿತ್ತನೆಗೆ ಮುಂಚೆ, ಬರಿದಾದ ಹೊಲದಲ್ಲಿ ರಾತ್ರಿ ಕುರಿಗಳನ್ನು ಬಲೆ ಕಟ್ಟಿ ಕೂಡಿಹಾಕುತ್ತಾರೆ. ಮರುದಿನ ಆ ಬಲೆಯ ರೊಪ್ಪವನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ನಾಲ್ಕೈದು ದಿನದಲ್ಲಿ ಹೊಲವೆಲ್ಲ ಹಿಕ್ಕೆ, ಗಂಜಲ. ಯಾವ ಅಂಗಡಿಯ ಗೊಬ್ಬರವೂ ಅದಕ್ಕೆ ಸಮನಲ್ಲ ಎಂದು ರೈತರು ಆಣೆ ಮಾಡಿ ಹೇಳುತ್ತಾರೆ. ಇದಕ್ಕೆ ಹೊಲದವರು ಮಂದೆಯವರಿಗೆ ರಾಗಿ ಕೊಡಬೇಕು, ಮಾತಾಡಿಕೊಂಡಷ್ಟು ದುಡ್ಡು ಕೊಡಬೇಕು, ಮಂದೆ ಇರುವಷ್ಟು ದಿನ ಸಂಜೆ ಊಟ ಕಳಿಸಬೇಕು. ಊಟ ಕಳಿಸುವುದರಲ್ಲಿ ತಡವಾದರೆ ಮಂದೆಯವರಿಗೆ ಸಿಟ್ಟು. ಕುರಿಯವರು ಕಡಿಮೆ, ಹೊಲದವರು ಜಾಸ್ತಿ. ಹಾಗಾಗಿ ಸರದಿ ಸಿಗುವುದೇ ಕಷ್ಟ.

ಗಿರಿಜೆಗೆ ಆ ಸರದಿ ಸಿಕ್ಕಿದ್ದು ಹೋದ ಬೇಸಿಗೆಯಲ್ಲಿ. ಆದಿವಾಲದ ಕಡೆಯ ಬೀರಪ್ಪ ಎಂಬವನ ಮಂದೆ. ಇನ್ನೂರಕ್ಕೂ ಮೇಲೆ ಕುರಿ. ಅದರ ಹಿಂದಿನ ವರ್ಷ ಅವನ ಹೆಂಡತಿ ತಿಮ್ಮಕ್ಕನಿಗೆ ಜ್ವರ ಬಂದಾಗ ಗಿರಿಜೆ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು; ಆ ಋಣಕ್ಕೆ ಅವನು ಮಾತು ಕೊಟ್ಟಿದ್ದ. ನಮ್ಮ ಹೊಲವಾದ ಮೇಲೆ ಬದುವಿನಾಚೆ ಇರುವ ರುದ್ರಪ್ಪನ ಹೊಲ. ರುದ್ರಪ್ಪ ಗಿರಿಜೆಯ ಚಿಕ್ಕಪ್ಪನ ಮಗ. ಅವನಿಗೂ ಗಿರಿಜೆಯೇ ಹೇಳಿ ಸರದಿ ಕೊಡಿಸಿದ್ದಳು. ಅಂದರೆ ಮಂದೆ ಬರುವುದರ ಮೇಲೆ ಬರೀ ಗೊಬ್ಬರವಲ್ಲ, ತವರಿನಲ್ಲಿ ಅವಳ ಮಾತಿನ ಬೆಲೆಯೂ ನಿಂತಿತ್ತು.

ಮಂದೆ ಬಂದು ಒಂದು ದಿನವಾಗಿತ್ತು. ಎರಡನೆಯ ದಿನ ಗಿರಿಜೆಗೆ ಮಂಡಿನೋವು ಹೆಚ್ಚಾಗಿ, ಊಟ ಒಯ್ಯುವ ಕೆಲಸ ನನಗೆ ಬಂತು. ಅವಳು ಮುದ್ದೆ, ಹುರುಳಿಸಾರು, ಈರುಳ್ಳಿ ಎಲ್ಲ ಕಟ್ಟಿಕೊಟ್ಟು, "ಬುತ್ತಿ ಕೊಟ್ಟು ಪಾತ್ರೆ ಈಸ್ಕಂಡು ಬರ್ರಿ. ಅಲ್ಲಿ ಕುಂತ್ಕಂಡು ಮಾತಾಡಕ್ಕೆ ಹೋಗ್‌ಬ್ಯಾಡ್ರಿ" ಅಂದಳು. ನಾನು ಮಾತಾಡುತ್ತಿರಲಿಲ್ಲ, ನಿಜವಾಗಿ. ಆದರೆ ಅವತ್ತೇ ಮಧ್ಯಾಹ್ನ, ಕುರಿ ವಿಚಾರ ಮನೆಯಲ್ಲಿ ಓಡಾಡುತ್ತಿದ್ದುದರಿಂದ ಸುಮ್ಮನೆ ನಿಘಂಟು ತಿರುವುತ್ತಿದ್ದೆ. ಅಲ್ಲಿ ಒಂದು ಕಠಾರಿ. ಅದರ ಪಕ್ಕದಲ್ಲಿ ಫಾಲ್ಡೇಜ್.

ಅರ್ಥ ಓದಿ ನನ್ನ ಮೈ ಜುಮ್ಮೆಂದಿತು. ಹಳೆಯ ಕಾಲದ ಇಂಗ್ಲೆಂಡಿನಲ್ಲಿ ಊರಿನ ಒಡೆಯನಿಗೆ ಇದ್ದ ಒಂದು ಹಕ್ಕು ಅದು. ಒಕ್ಕಲು ಮಕ್ಕಳೆಲ್ಲ ತಮ್ಮ ಕುರಿಗಳನ್ನು ಒಡೆಯ ತೋರಿಸಿದ ಹೊಲದಲ್ಲೇ ರೊಪ್ಪ ಹಾಕಿ ಕೂಡಬೇಕು. ಕುರಿ ಒಕ್ಕಲಿನವನದು, ಕಾಯುವವನು ಒಕ್ಕಲಿನವನು, ಹಿಕ್ಕೆ ಮಾತ್ರ ಒಡೆಯನದು. ಅದೂ ಬಿಟ್ಟಿ. ಯಾವನಾದರೂ ತನ್ನ ಕುರಿಯನ್ನು ತನ್ನ ಹೊಲದಲ್ಲೇ ಕೂಡಿಕೊಳ್ಳುತ್ತೇನೆ ಅಂದರೆ ಅದಕ್ಕೆ ಒಡೆಯನಿಗೆ ಶುಲ್ಕ ಕಟ್ಟಬೇಕು. ಆ ಶುಲ್ಕಕ್ಕೆ ಬೇರೆ ಹೆಸರು, ಫಾಲ್ಡ್‌ಫೀ. ಹಾಗೆ ಗೊಬ್ಬರವಾದ ನೆಲಕ್ಕೂ ಆ ಹಿಕ್ಕೆಗೂ ಟ್ಯಾತ್ ಎಂದು ಇನ್ನೊಂದು ಪದ. ಅಂದರೆ ನಮ್ಮ ಹಿರೇಗುಂಟನೂರಿನ ಬದುವಿನ ಮೇಲೆ ನಡೆಯುವ ಕೆಲಸ ಅಲ್ಲಿಯೂ ನಡೆಯುತ್ತಿತ್ತು! ಅವರಿಗೂ ಬಲೆ ಕಟ್ಟಿ, ಸರಿಸಿ, ಹಿಕ್ಕೆ ಲೆಕ್ಕ ಹಾಕುವ ಕಷ್ಟ ಇತ್ತು! ಇಂಥ ಸಂಗತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕುರಿ ಕಾಯುವವನ ಮುಂದೆ ಬಾಯಿ ಮುಚ್ಚಿ ಕೂರು ಅಂದರೆ ಹೇಗೆ? ನೋಟ್‌ಬುಕ್ಕನ್ನು ಬುತ್ತಿಯ ಚೀಲದಲ್ಲೇ ಇಟ್ಟುಕೊಂಡು ಹೊರಟೆ.

ಹೊತ್ತು ಇಳಿದಿತ್ತು. ಬೀರಪ್ಪ ಗೂಟ ಬಡಿದು ಬಲೆ ಕಟ್ಟುತ್ತಿದ್ದ. ತಿಮ್ಮಕ್ಕ ಎಳೆಮರಿಗಳನ್ನು ಒಂದೊಂದಾಗಿ ತಾಯಿಯ ಹತ್ತಿರ ಬಿಡುತ್ತಿದ್ದಳು. ಅಷ್ಟು ಕುರಿಗಳಲ್ಲಿ ಯಾವ ಮರಿ ಯಾವುದರದು ಎಂದು ಅವಳಿಗೆ ಹೇಗೆ ತಿಳಿಯುತ್ತದೋ! "ಬರ್ರಿ ಸಾಹೇಬ್ರೆ, ಕಂಬಳಿ ಮ್ಯಾಲೆ ಕುಂತ್ಕಳ್ರಿ" ಅಂದ ಬೀರಪ್ಪ. ಕೂತೆ. ಮೊದಲು ನಾನೇ ಕೇಳುತ್ತ ಹೋದೆ. ಕುರಿಯ ವಯಸ್ಸಿಗೆ ತಕ್ಕಂತೆ ಇಂಗ್ಲಿಷಿನಲ್ಲಿ ಹಾಗೆಟ್, ಟೆಗ್, ಗಿಮ್ಮರ್ ಎಂದೆಲ್ಲ ಹೆಸರಿವೆ, ನಿಮ್ಮಲ್ಲಿ ಹೇಗೆ ಎಂದೆ. ಬೀರಪ್ಪ ಹತ್ತಿರದ ಒಂದು ಕುರಿಯ ತುಟಿ ಎತ್ತಿ ತೋರಿಸಿದ. "ಇದು ಎಲ್ಡಲ್ಲು. ಅದು ನಾಕಲ್ಲು. ಎಂಟೂ ಬಂದ್ರೆ ಬಾಯ್ಗೂಡ್ತು ಅಂತೀವಿ. ಆಮ್ಯಾಕೆ ಉದುರಾಕ್ ಹತ್ತಿದ್ರೆ ಮುದಿ." ನಾನು ಕುಣಿಯುವುದೊಂದು ಬಾಕಿ. ಇಂಗ್ಲಿಷಿನ ಕುರುಬರೂ ಥೇಟ್ ಹೀಗೇ ಎರಡು ಹಲ್ಲಿನದು, ತುಂಬಿದ ಬಾಯಿನದು, ಮುರಿದ ಬಾಯಿನದು ಎಂದೇ ಕರೆಯುತ್ತಿದ್ದರು! ಅದನ್ನು ಹೇಳಲು ನಾನು ಬಾಯಿ ಅಗಲಿಸಿದಾಗ ಬೀರಪ್ಪ ಅಭ್ಯಾಸಬಲದಿಂದ ನನ್ನ ಬಾಯೊಳಗೇ ಇಣುಕಿದ. ಮುಂದಿನ ಎರಡು ಹಲ್ಲು ಇಲ್ಲದ್ದನ್ನು ಕಂಡು ತಲೆ ಆಡಿಸಿದ. ಸಂತೆಯಲ್ಲಿ ಇವನನ್ನು ಯಾರೂ ಕೊಳ್ಳುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿರಬೇಕು.

ಇಷ್ಟಕ್ಕೇ ನಿಲ್ಲಿಸಿ ಪಾತ್ರೆ ಇಸಿದುಕೊಂಡು ಬಂದಿದ್ದರೆ ನಾನು ಬಚಾವಾಗುತ್ತಿದ್ದೆ. ನಿಲ್ಲಿಸಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಆಫೀಸಿನಲ್ಲಿ ಸುತ್ತೋಲೆ ಓದುತ್ತಿದ್ದ ದನಿಯಲ್ಲೇ ಓದಿದೆ. "ಫಾಲ್ಡೇಜ್. ಕುರಿ ಉಳ್ಳವರು ಭೂಮಾಲೀಕನ ಹೊಲದಲ್ಲೇ ಮಂದೆಯನ್ನು ತರುಬತಕ್ಕದ್ದು. ಸದರಿ ಹಿಕ್ಕೆಯು ಭೂಮಾಲೀಕನಿಗೆ ಸೇರತಕ್ಕದ್ದು. ತಪ್ಪಿದಲ್ಲಿ ಶುಲ್ಕ ಕಟ್ಟತಕ್ಕದ್ದು." ಬೀರಪ್ಪ ಗೂಟ ಬಡಿಯುವುದನ್ನು ನಿಲ್ಲಿಸಿದ. "ಇದು ಎಲ್ಲಿಂದ ಬಂತು ಸಾಹೇಬ್ರೆ?" ಎಂದು ಕೇಳಿದ. "ಇಂಗ್ಲೆಂಡಿನಿಂದ" ಎಂದೆ ಹೆಮ್ಮೆಯಿಂದ. ಅವನು ತಿಮ್ಮಕ್ಕನ ಮುಖ ನೋಡಿದ, ತಿಮ್ಮಕ್ಕ ನೋಟ್‌ಬುಕ್ಕಿನ ಮೂಲೆಯ ದುಂಡು ಮೊಹರು ನೋಡಿದಳು. ಇಬ್ಬರೂ ಮತ್ತೆ ಮಾತಾಡಲಿಲ್ಲ. ನನ್ನ ಪಾಂಡಿತ್ಯಕ್ಕೆ ಮೂಕರಾದರು ಎಂದುಕೊಂಡು ನಾನು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಹಾಡು ಗುನುಗಿದ್ದು ನೆನಪಿದೆ.

ಬೆಳಗ್ಗೆ ರುದ್ರಪ್ಪನ ಫೋನು. ಗಿರಿಜೆ ಸ್ಪೀಕರ್ ಹಾಕಿದಳು. "ಅಕ್ಕಾ, ಮಂದೆ ಇಲ್ಲ! ಕೋಳಿ ಕೂಗೋ ಹೊತ್ಗೇ ಬಲೆ ಕಿತ್ಕಂಡು ಹೋಗ್ಯವ್ರೆ. ಕುರಿ ಹಿಕ್ಕೆ ಮ್ಯಾಲೆ ಹೊಸ ಕಾನೂನು ಬಂದೈತಂತೆ, ಫಾಲ್ಡೇಜು ಅಂತ. ದುರ್ಗದಾಗಿಂದ ಒಬ್ರು ಆಫೀಸರು ಬುಕ್ಕು ತಂದು, ಓದಿ, ಸೀಲು ತೋರ್ಸಿ ಹೋದ್ರಂತೆ. ಬೀರಪ್ಪ ಕುರಿಯೋರ ಗ್ರೂಪಿಗೆಲ್ಲ ವಾಯ್ಸ್ ಮೆಸೇಜು ಬಿಟ್ಟವ್ನೆ. ಮಂದೆಗಳೆಲ್ಲ ಹೊಳಲ್ಕೆರೆ ಕಡೀಕೆ ತಿರಿಕ್ಕಂಡವೆ!" ಗಿರಿಜೆ ನನ್ನ ಕಡೆ ನೋಡಿದಳು. ನಾನು ನಿಘಂಟಿನ ಕಡೆ ನೋಡಿದೆ. ರುದ್ರಪ್ಪ ಮುಂದುವರಿಸಿದ: "ಆ ಆಫೀಸರು ಯಾರು ಅಂತ ಗೊತ್ತಾದ್ರೆ ಊರೋರು ಸುಮ್ಕೆ ಬಿಡಲ್ಲಕ್ಕಾ. ಭಾವಂಗೆ ಕೇಳು, ಆಫೀಸ್ನಾಗೆ ಇದ್ದೋರಲ್ವಾ, ಅವ್ರಿಗೆ ಗೊತ್ತಿರ್ತೈತೆ."

ನೀವು ನಗಬೇಡಿ. ಬೀರಪ್ಪ ದಡ್ಡನಲ್ಲ. ನಮ್ಮ ಕಡೆ ಒಬ್ಬ ಮನುಷ್ಯ ಆಫೀಸಿನವನಾಗಿದ್ದು, ಕನ್ನಡಕ ಏರಿಸಿ, ಕಾಗದ ನೋಡಿ, ತಿಳಿಯದ ಇಂಗ್ಲಿಷ್ ಪದವೊಂದನ್ನು ಓದಿದನೆಂದರೆ ಅದರ ಹಿಂದೆಯೇ ಏನೋ ಒಂದು ಕಟ್ಟುವುದೋ ಬಿಡುವುದೋ ಬರುತ್ತದೆ ಎಂದು ತಲೆತಲಾಂತರದಿಂದ ಜನಕ್ಕೆ ಗೊತ್ತು. ಸರ್ವೆಯೂ ಹಾಗೇ ಬಂತು, ನೋಟಿಸೂ ಹಾಗೇ ಬಂತು. ಹುಲ್ಲು ಮೇಯಿಸಿದ್ದಕ್ಕೂ ಅವರ ಅಜ್ಜಂದಿರು ತೆರಿಗೆ ಕೊಟ್ಟವರು. ಮೂವತ್ತೈದು ವರ್ಷ ಅಂಥ ಕಾಗದಗಳನ್ನು ಓದಿ ಹೇಳಿದವನು ನಾನೇ. ಖುಷಿಗಾಗಿ ಇಂಗ್ಲಿಷ್ ಪದ ಓದುವ ಗುಮಾಸ್ತನನ್ನು ಅವರು ಕಂಡಿದ್ದಾದರೂ ಎಲ್ಲಿ? ಇದೆಲ್ಲ ನನಗೆ ಆಮೇಲೆ ಹೊಳೆಯಿತು. ಆಗ ಕಂಡದ್ದು ಗಿರಿಜೆಯ ಮುಖ ಮಾತ್ರ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಎಲ್ಡು ವರ್ಷ ಕಾದಿದ್ದೆ ಕಣ್ರಿ" ಅಂದಳು ಅಷ್ಟೆ. ಒಳಗೆ ಹೋಗಿ, ಬೀರಪ್ಪನಿಗೆಂದು ಆರಿಸಿಟ್ಟಿದ್ದ ರಾಗಿ ಚೀಲದ ಬಾಯಿ ಮತ್ತೆ ಕಟ್ಟಿದಳು. 

ಬೀರಪ್ಪ ಫೋನು ಎತ್ತಲಿಲ್ಲ. ಸ್ಕೂಟರ್ ಹತ್ತಿ ಹೊರಟೆ. ಕಂಡಕಂಡವರನ್ನು "ಕುರಿ ಹೋದವಾ?" ಎಂದು ಕೇಳುತ್ತ, ರಸ್ತೆಯ ಮೇಲಿನ ಹಿಕ್ಕೆಯನ್ನೇ ಗುರುತು ಹಿಡಿದು ಹೋಗುವುದೆಂದರೆ ಏನೆಂದು ಆವತ್ತು ತಿಳಿಯಿತು. ಟ್ಯಾತ್ ಎಂಬ ಪದಕ್ಕೆ ನಿಘಂಟಿನಲ್ಲಿ ಈ ಉಪಯೋಗ ಕೊಟ್ಟಿರಲಿಲ್ಲ. ಹೊಳಲ್ಕೆರೆ ದಾರಿಯಲ್ಲಿ ಅರ್ಧ ಹೋಗಿ, ಬೇರೆ ಯಾರದೋ ಮಂದೆ ನೋಡಿ ವಾಪಸು ಬಂದು, ಕೊನೆಗೆ ಮಧ್ಯಾಹ್ನ ಭರಮಸಾಗರದ ಕೆರೆ ಏರಿಯ ಕೆಳಗೆ ಬೀರಪ್ಪ ಸಿಕ್ಕ. ಕೆರೆಗೆ ಟ್ಯಾಂಕ್ ಎನ್ನುವ ಪದ ಇಂಗ್ಲಿಷಿಗೆ ಹೋದದ್ದೇ ನಮ್ಮ ದೇಶದ ಕೆರೆಗಳಿಂದ ಎಂದು ನಿಘಂಟು ಹೇಳುತ್ತದೆ. ಯುದ್ಧದ ಟ್ಯಾಂಕು, ನೀರಿನ ಟ್ಯಾಂಕು ಎಲ್ಲ ಆಮೇಲೆ. ಏರಿ ಇಳಿಯುವಾಗ ಇದೂ ನೆನಪಿಗೆ ಬಂತು. ನಾಲಿಗೆ ಕಚ್ಚಿಕೊಂಡೆ. ಈ ಕೆರೆಗೂ ಒಂದು ಕಾನೂನು ಬಂತೆಂದು ಸುದ್ದಿಯಾದರೆ ಭರಮಸಾಗರವೂ ಖಾಲಿಯಾದೀತು.

"ಬೀರಪ್ಪ, ಅದು ಕಾನೂನಲ್ಲಪ್ಪ. ಇಂಗ್ಲೆಂಡಿನಲ್ಲಿ ನೂರಾರು ವರ್ಷದ ಹಿಂದೆ ಇದ್ದದ್ದು. ಅಲ್ಲಿಯೇ ನಿಂತು ಹೋಗಿದೆ. ಆ ಪದವೇ ಸತ್ತಿದೆ" ಎಂದೆ, ಉಸಿರು ಬಿಡುತ್ತ. ಬೀರಪ್ಪ ಜಾಲಿಮರದ ನೆರಳಲ್ಲಿ ಕೋಲು ಊರಿ ನಿಂತ. ಆಮೇಲೆ ಕೇಳಿದ: "ಸತ್ತಿದ್ರೆ ಯಾಕೆ ಎಬ್ಬಿಸ್ಕಂಡು ಬಂದ್ರಿ ಸಾಹೇಬ್ರೆ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಿಮ್ಮ ಹಾಗೇ ಅಲ್ಲೊಬ್ಬ ಕುರಿ ಕಾಯುವವನು ಸಂಜೆ ಹೊತ್ತು ಬಲೆ ಕಟ್ಟುತ್ತಿದ್ದ, ಅದು ತಿಳಿದು ನನಗೆ ಸಂತೋಷವಾಯಿತು, ಅದಕ್ಕೆ ಹೇಳಿದೆ ಎಂದೆ. ಬಡಬಡಿಸಿದೆ ಎನ್ನಬೇಕು. ತಿಮ್ಮಕ್ಕ ಮಧ್ಯೆ ಬಾಯಿ ಹಾಕಿದಳು. "ಅವ್ನ ಹಿಕ್ಕೇನ ಗೌಡ ಬಿಟ್ಟಿ ತಗಂತಿದ್ನಾ?" ಹೌದು ಎಂದೆ. "ಅವ್ನು ಸುಮ್ಕಿದ್ನಾ?" ಗೊತ್ತಿಲ್ಲ, ನಿಘಂಟಿನಲ್ಲಿ ಬರೆದಿಲ್ಲ ಎಂದೆ. "ಅದ್ನ ಅಲ್ವಾ ಬರೀಬೇಕಿದ್ದು!" ಅಂದಳು. 

ಬೀರಪ್ಪ ಸ್ವಲ್ಪ ಮೆತ್ತಗಾದ. ಆದರೆ ಅವನದೂ ಒಂದು ಷರತ್ತು. "ಬಾಯಾಗೆ ಹೇಳಿದ್ರೆ ಆಗಲ್ಲ. ಗ್ರೂಪ್ನಾಗೆ ಎಲ್ರಿಗೂ ಹೋಗೈತೆ. ರದ್ದಾಗೈತೆ ಅಂತ ಬರ್ದು ಕೊಡ್ರಿ." ಕನ್ನಡದಲ್ಲಿ ಬರೆಯಲೇ ಎಂದೆ. "ಕನ್ನಡ್ದಾಗೆ ಬರ್ದ್ರೆ ಯಾರ್ ನಂಬ್ತಾರೆ ಸಾಹೇಬ್ರೆ? ಇಂಗ್ಲೀಷ್ನಾಗೆ ಬಂದಿದ್ದು ಇಂಗ್ಲೀಷ್ನಾಗೇ ಹೋಗ್ಬೇಕು." ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ಅದರ ಮೂಲೆಯಲ್ಲಿ ನನ್ನ ಪುಸ್ತಕ ಸಂಗ್ರಹದ ಮೊಹರು ಆಗಲೇ ಇತ್ತು. ಇದು ಸರ್ಕಾರದ ಮೊಹರಲ್ಲಪ್ಪ, ನನ್ನ ಪುಸ್ತಕಕ್ಕೆ ಒತ್ತುವುದು ಎಂದು ಸತ್ಯ ಹೇಳಿದೆ. "ದುಂಡಗೈತಲ್ಲ, ಸಾಕು" ಅಂದ. ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು, ಫಾಲ್ಡೇಜ್ ಎಂಬುದು ಇಂಗ್ಲೆಂಡಿನದೆಂದೂ, ಬಹು ಹಿಂದೆಯೇ ನಿಂತುಹೋಗಿದೆಯೆಂದೂ, ಈ ಸೀಮೆಯಲ್ಲಿ ಅದು ಇರಲೂ ಇಲ್ಲ, ಇರುವುದೂ ಇಲ್ಲವೆಂದೂ, ಹಿಕ್ಕೆಯು ಕುರಿಯವನದೇ ಎಂದೂ ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲೆಲ್ಲ ಬರೆದು ಸಹಿ ಹಾಕಿದೆ. ತಾರೀಖಿನ ಮುಂದೆ ಅಭ್ಯಾಸದಂತೆ ಒಂದು ಲ್ಯಾಟಿನ್ ಪದವೂ ಬಿತ್ತು. ಬೀರಪ್ಪ ಅದರ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ಮೂವತ್ತೈದು ವರ್ಷದ ನೌಕರಿಯಲ್ಲಿ ನಾನು ಬರೆದ ಯಾವ ಕಾಗದವೂ ಅಷ್ಟು ಬೇಗ ಜಾರಿಯಾದದ್ದು ಕಾಣೆ. "ಏಳು ತಿಮ್ಮಕ್ಕ, ಹೋಗಾಣ. ಗಿರಿಜಕ್ಕ ಸಂಜಿಗೆ ಬುತ್ತಿ ಕಳಿಸ್ತಾಳೆ" ಅಂದ ಬೀರಪ್ಪ. ಮಂದೆ ಹಿರೇಗುಂಟನೂರಿನ ಕಡೆ ಮುಖ ಮಾಡಿತು. ಕೊರಳ ಗಂಟೆಯ ಹೋತ ಒಂದು ಮುಂದೆ, ಅದರ ಹಿಂದೆ ಕುರಿಗಳು, ಎಲ್ಲಕ್ಕೂ ಹಿಂದೆ ಫಸ್ಟ್ ಗೇರಿನಲ್ಲಿ ನಾನು.

ಮಂದೆ ಹೊಲದಲ್ಲಿ ಬಾಕಿ ದಿನವೆಲ್ಲ ನಿಂತಿತು, ರುದ್ರಪ್ಪನ ಹೊಲದಲ್ಲೂ ನಿಂತಿತು. ಆ ಆಫೀಸರು ಯಾರು ಎಂದು ಹಿರೇಗುಂಟನೂರಿಗೆ ಇನ್ನೂ ಗೊತ್ತಿಲ್ಲ. ಗಿರಿಜೆ ಹೇಳಲಿಲ್ಲ, ಬೀರಪ್ಪನೂ ಅವಳ ಮುಖ ನೋಡಿ ಬಾಯಿ ಬಿಟ್ಟಿಲ್ಲ, ಇವತ್ತಿನವರೆಗೆ. ಕಾಗದದಲ್ಲಿ ಎಲ್ಲರೂ ನೋಡುವುದು ಮೊಹರು ದುಂಡಗಿದೆಯೇ ಎಂದು, ಅದರೊಳಗಿನ ಹೆಸರನ್ನಲ್ಲ. ಈರುಳ್ಳಿ ಗಡ್ಡೆ ಹೇಗೆ ಬಂತೆಂದು ನಾನು ಹೇಳಿದರೆ ಜಂಬ ಎನ್ನುತ್ತೀರಿ. ಬೀರಪ್ಪ ನನ್ನ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಾನಂತೆ. ಯಾವ ಹೊಲದವನಾದರೂ ರಾಗಿ ಕೊಡಲು ಜಗ್ಗಾಡಿದರೆ, ಊಟ ಕಳಿಸಲು ಮರೆತರೆ ಅದನ್ನು ತೆಗೆದು ತೋರಿಸಿ, "ಫಾಲ್ಡೇಜ್ ನಡೆಯಲ್ಲ ಗೌಡ್ರೆ, ರದ್ದಾಗೈತೆ" ಎನ್ನುತ್ತಾನಂತೆ. ಪದ ಅಲ್ಲಿಗೂ ನಿಲ್ಲಲಿಲ್ಲ. ಮೊನ್ನೆ ರುದ್ರಪ್ಪನ ಮನೆಗೆ ಹೋದಾಗ, ಪಕ್ಕದವನೊಬ್ಬ ಟ್ರ್ಯಾಕ್ಟರ್ ಕೇಳಲು ಬಂದಿದ್ದ. ರುದ್ರಪ್ಪ ಅವನಿಗೆ, "ಏನಪ್ಪ, ಡೀಸೆಲ್ಲೂ ನಂದೇನಾ? ಫಾಲ್ಡೇಜ್ ಮಾಡ್ತೀಯೇನಲೇ?" ಅಂದ. ಬಂದವನಿಗೆ ಅದು ಅರ್ಥವಾಗಿ ನಾಚಿಕೊಂಡ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಇಂಗ್ಲೆಂಡಿನಲ್ಲಿ ಸತ್ತ ಪದವೊಂದು ಹಿರೇಗುಂಟನೂರಿನ ಜಗಲಿಯ ಮೇಲೆ ಎದ್ದು ಕೂತಿತ್ತು. ಬಿಟ್ಟಿ ದುಡಿಸಿಕೊಳ್ಳುವವನ ಹಕ್ಕು ಎಂಬ ಅದರ ಹಳೆಯ ಅರ್ಥವೇ, ಒಂದಿಷ್ಟೂ ಮುಕ್ಕಾಗದೆ!

ಈ ಬೆರಗನ್ನು ಹೊತ್ತುಕೊಂಡು ಮನೆಗೆ ಬಂದೆ. ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ನಿಘಂಟು ತೊಡೆಯ ಮೇಲಿಟ್ಟುಕೊಂಡು, ಗಿರಿಜೆ ತಂದಿಟ್ಟ ಕಾಫಿ ಕುಡಿದು ಲೋಟವನ್ನು ಎಂದಿನಂತೆ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲಿಟ್ಟೆ. ಬೆಳಗಿನ ಲೋಟವೂ ಅಲ್ಲೇ ಇತ್ತು, ತಿಂಡಿ ತಟ್ಟೆಯೂ ಅಲ್ಲೇ ಇತ್ತು. ಪದ ಮತ್ತೆ ಹುಟ್ಟಿದ ವಿಚಾರವನ್ನು ಅವಳಿಗೆ ವಿವರಿಸುತ್ತ ಹೋದೆ. ಒಡೆಯನಾದವನು ಕೂತಲ್ಲೇ ಕೂತಿರುತ್ತಿದ್ದ, ಕುರಿ ಸಾಕುವ ಕಷ್ಟ ಒಬ್ಬರದು, ಅದರ ಸಾರ ಇವನ ಹೊಲಕ್ಕೆ, ಅದಕ್ಕೆ ಅವನು ಒಂದು ಒಳ್ಳೆಯ ಮಾತನ್ನೂ ಹೇಳಬೇಕಾಗಿರಲಿಲ್ಲ, ಅದು ಅವನ ಹಕ್ಕು ಎಂದೇ ಎಲ್ಲರೂ ತಿಳಿದಿದ್ದರು ನೋಡು ಎಂದೆ. ಗಿರಿಜೆ ಆವತ್ತು ಹೊಲಕ್ಕೆ ಹೋಗಿ ಬಂದವಳು, ಮಂಡಿ ಹಿಡಿದುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಎಲ್ಲ ಕೇಳಿದಳು. ಸಿಟ್ಟಿರಲಿಲ್ಲ, ನಗುತ್ತಲೇ ಅಂದಳು:

"ಎದ್ದು ಲೋಟ ತಟ್ಟೆ ತೊಳೀರಿ. ಫಾಲ್ಡೇಜ್ ರದ್ದಾಗೈತೆ. ನೀವೇ ಸೈನ್ ಹಾಕೀರಿ."

ಮದುವೆಯಾದ ಮೂವತ್ತೆಂಟು ವರ್ಷದ ಲೋಟಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ನಾಚಿಕೆಯಾಯಿತು, ಇದನ್ನು ಬೇರೆ ಯಾವ ಅಪರೂಪದ ಪದದಿಂದಲೂ ಮುಚ್ಚುವಂತಿರಲಿಲ್ಲ. ಏಳುವ ಮುಂಚೆ ಒಂದು ಕೆಲಸ ಮಾತ್ರ 'ಒಂದು ನಿಮಿಷ ಇರು' ಎಂದು ಮಾಡಿದೆ. ನಿಘಂಟು ತೆರೆದು, ಫಾಲ್ಡೇಜಿನ ಮುಂದಿದ್ದ ಪುಟ್ಟ ಕಠಾರಿಯನ್ನು ವೈಟ್ನರಿನಿಂದ ಅಳಿಸಿದೆ. ಆಮೇಲೆ ಲೋಟ ಎರಡು, ತಟ್ಟೆ ಒಂದು ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುವ ಸೋಪು ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿ ಕೇಳಿದೆ.